ಸಣ್ಣ ಉದ್ದಿಮೆ ಮತ್ತು ದೇಶದ ಬೆಳವಣಿಗೆ: ಹಾಸನದವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ ಜಿಲ್ಲೆಯ ಅಂಗಡಿಯವರು, ವರ್ಕ್‌ಶಾಪ್‌ನವರು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಇವರ ಲೆಕ್ಕಪತ್ರ ನೋಡಿಕೊಡುವ ಕೆಲಸ ನನ್ನದು. ಕಾಗದಪತ್ರದ ಮಾತು ಮುಗಿದ ಮೇಲೆ ಬಹಳ ಜನ ಬೇರೆ ಪ್ರಶ್ನೆಗಳನ್ನು ಎತ್ತುತ್ತಾರೆ: ನಮ್ಮಂಥ ಚಿಕ್ಕವರು ದೇಶದ ಲೆಕ್ಕದಲ್ಲಿ ಎಲ್ಲಿದ್ದೇವೆ, ಇಷ್ಟು ದುಡಿದರೂ ಯಾಕೆ ಬೆಳೆಯುತ್ತಿಲ್ಲ, ಬೆಳೆಯಬೇಕಾದರೆ ಏನು ಬೇಕು? ಹಾಗೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಸರ್ಕಾರದ ಲೆಕ್ಕದಲ್ಲಿ ಸಣ್ಣ ಉದ್ದಿಮೆ ಎಂದರೆ ಯಾವುದು?

2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯೇ ಇದಕ್ಕೆ ಆಧಾರ. 2025ರ ಏಪ್ರಿಲ್ 1ರಿಂದ ಮಿತಿಗಳು ಏರಿವೆ. ಯಂತ್ರೋಪಕರಣದ ಮೇಲಿನ ಹೂಡಿಕೆ ಎರಡೂವರೆ ಕೋಟಿ, ವರ್ಷದ ವಹಿವಾಟು 10 ಕೋಟಿ ದಾಟದಿದ್ದರೆ ಸೂಕ್ಷ್ಮ ಉದ್ಯಮ. 25 ಕೋಟಿ ಹೂಡಿಕೆ, 100 ಕೋಟಿ ವಹಿವಾಟಿನವರೆಗೆ ಸಣ್ಣದು. 125 ಕೋಟಿ ಹೂಡಿಕೆ, 500 ಕೋಟಿ ವಹಿವಾಟಿನವರೆಗೆ ಮಧ್ಯಮ.

ಹೊಳೆನರಸೀಪುರದ ಸಂತೆಯಲ್ಲಿ ಮಂಡಕ್ಕಿ ಮಾರುವವರಿಗೂ ಒಂಬತ್ತು ಕೋಟಿ ವಹಿವಾಟಿನ ಕಾರ್ಖಾನೆಗೂ ಹೀಗೆ ಒಂದೇ ಹೆಸರು ಬಂದಿದೆ. ಸರ್ಕಾರ ‘ಸೂಕ್ಷ್ಮ ಉದ್ಯಮಕ್ಕೆ ಇಷ್ಟು ಸಾಲ ಕೊಟ್ಟೆವು’ ಎಂದಾಗ ಅದು ಇಬ್ಬರಲ್ಲಿ ಯಾರ ಕೈ ಸೇರಿತು ಎಂದು ಕೇಳಬೇಕು.

ದೇಶದ ಆದಾಯದಲ್ಲಿ ಇವುಗಳ ಪಾಲು ನಿಜಕ್ಕೂ ಅಷ್ಟು ದೊಡ್ಡದೇ?

ಹೌದು. ಭಾರತದ ಒಟ್ಟು ಉತ್ಪನ್ನದಲ್ಲಿ ಸುಮಾರು ಶೇ. 30, ರಫ್ತಿನಲ್ಲಿ ಸುಮಾರು ಶೇ. 45 ಈ ವಲಯದ್ದು. 2015-16ರ ರಾಷ್ಟ್ರೀಯ ಮಾದರಿ ಸಮೀಕ್ಷೆ ದೇಶದಲ್ಲಿ ಸುಮಾರು 6.34 ಕೋಟಿ ಇಂಥ ಉದ್ಯಮಗಳಿವೆ, ಅವುಗಳಲ್ಲಿ 11.10 ಕೋಟಿ ಜನ ದುಡಿಯುತ್ತಿದ್ದಾರೆ ಎಂದಿತು. ಅರ್ಧಕ್ಕಿಂತ ಹೆಚ್ಚು ಉದ್ಯಮಗಳು ಇದ್ದದ್ದು ಹಳ್ಳಿಗಳಲ್ಲಿ. ಕಂಪನಿಯಾಗಿ ನೋಂದಾಯಿಸದ, ಕೃಷಿಯೇತರ ಉದ್ದಿಮೆಗಳ 2023-24ರ ಸಮೀಕ್ಷೆ 7.34 ಕೋಟಿ ಘಟಕ, 12 ಕೋಟಿಗೂ ಮಿಕ್ಕಿದ ದುಡಿಮೆಗಾರರನ್ನು ಎಣಿಸಿದೆ. ಜಗತ್ತಿನ ಲೆಕ್ಕವೂ ಇದೇ ದಿಕ್ಕಿನಲ್ಲಿದೆ. ವಿಶ್ವಬ್ಯಾಂಕಿನ ಪ್ರಕಾರ ಒಟ್ಟು ವ್ಯವಹಾರ ಸಂಸ್ಥೆಗಳಲ್ಲಿ ಶೇ. 90ರಷ್ಟು, ಉದ್ಯೋಗದಲ್ಲಿ ಅರ್ಧಕ್ಕೂ ಹೆಚ್ಚು ಸಣ್ಣ ಮತ್ತು ಮಧ್ಯಮ ಉದ್ಯಮಗಳದ್ದು.

ಆದರೆ ನಮ್ಮ ಸಮೀಕ್ಷೆಗಳಲ್ಲೇ ಇನ್ನೊಂದು ಅಂಶವಿದೆ, ಭಾಷಣಗಳಲ್ಲಿ ಅದು ಬರುವುದಿಲ್ಲ. ಈ ಕೋಟ್ಯಂತರ ಘಟಕಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚಿನವು ಸಂಬಳದ ಆಳು ಒಬ್ಬರನ್ನೂ ಇಟ್ಟುಕೊಂಡಿಲ್ಲ. ಮಾಲೀಕರೂ ಅವರೇ, ಕೆಲಸಗಾರರೂ ಅವರೇ. ಮನೆಯವರು ಸಂಬಳವಿಲ್ಲದೆ ಕೈಜೋಡಿಸುತ್ತಾರೆ. ಮುಂದಿನ ಬಹಳಷ್ಟು ಉತ್ತರಗಳು ಈ ಅಂಶದ ಮೇಲೆ ನಿಂತಿವೆ.

ಒಂದು ದೊಡ್ಡ ಫ್ಯಾಕ್ಟರಿ ಬಂದರೆ ಸಾವಿರಾರು ಜನಕ್ಕೆ ಕೆಲಸ ಸಿಗುತ್ತದೆ. ಚಿಕ್ಕ ಚಿಕ್ಕ ಘಟಕಗಳಿಂದ ಏನು ಮಹಾ ಆಗುತ್ತದೆ?

ದೊಡ್ಡ ಫ್ಯಾಕ್ಟರಿ ಬೇಕು. ಹಾಸನದ ಕೈಗಾರಿಕಾ ಪ್ರದೇಶದ ಜವಳಿ ಘಟಕಗಳಿಗೆ ಬೆಳಗಾಗುತ್ತಲೇ ಸುತ್ತಲಿನ ಹಳ್ಳಿಗಳಿಂದ ಹೆಣ್ಣುಮಕ್ಕಳು ಬಸ್ಸು, ವ್ಯಾನು ಹತ್ತಿ ಬರುತ್ತಾರೆ. ತಿಂಗಳ ಸಂಬಳ, ಪಿಎಫ್, ಇಎಸ್‌ಐ (ನೌಕರರ ಆರೋಗ್ಯ ವಿಮೆ) ಇರುವ ಕೆಲಸ ಎಷ್ಟೋ ಮನೆಗಳಿಗೆ ಇದೇ ಮೊದಲು. ಮೂರು ಜನರ ವರ್ಕ್‌ಶಾಪು ಅದನ್ನು ಕೊಡಲಾರದು.

ಆದರೆ ಬೆಳೆಯುತ್ತಿರುವ ದೇಶದಲ್ಲಿ ಬಂಡವಾಳಕ್ಕೆ ಬರ, ಕೆಲಸ ಕೇಳುವ ಕೈಗಳು ಅಪಾರ. ಅದೇ ಒಂದು ಕೋಟಿ ರೂಪಾಯಿಯನ್ನು ಸಣ್ಣ ಘಟಕಗಳಲ್ಲಿ ಹಾಕಿದರೆ ಸಾಮಾನ್ಯವಾಗಿ ಹೆಚ್ಚು ಜನಕ್ಕೆ ಕೆಲಸ ಹುಟ್ಟುತ್ತದೆ. 1956ರಲ್ಲಿ ಶುರುವಾದ ಎರಡನೇ ಪಂಚವಾರ್ಷಿಕ ಯೋಜನೆಯಲ್ಲಿ, ಅದರ ರೂಪುರೇಷೆ ಹಾಕಿದ ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಅವರು ಉಕ್ಕು, ಯಂತ್ರಗಳನ್ನು ದೊಡ್ಡ ಕಾರ್ಖಾನೆಗಳಿಗೂ ದಿನಬಳಕೆಯ ವಸ್ತುಗಳನ್ನು ಗುಡಿ ಕೈಗಾರಿಕೆ, ಸಣ್ಣ ಕೈಗಾರಿಕೆಗಳಿಗೂ ಬಿಟ್ಟುಕೊಡಲು ಹೇಳಿದ್ದು ಉದ್ಯೋಗದ ಈ ಲೆಕ್ಕದಿಂದಲೇ.

ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಮುಖ್ಯ. ದೊಡ್ಡ ಫ್ಯಾಕ್ಟರಿಗೆ ರಟ್ಟಿನ ಪೆಟ್ಟಿಗೆ ಬೇಕು, ಮೋಟಾರ್ ರಿವೈಂಡಿಂಗ್ ಆಗಬೇಕು, ಬಿಡಿಭಾಗ ಕಡೆಯಬೇಕು, ಕ್ಯಾಂಟೀನಿಗೆ ತರಕಾರಿ ಬರಬೇಕು. ಇವೆಲ್ಲ ಬೆಂಗಳೂರಿನಿಂದ ಬಂದರೆ ಆ ದುಡ್ಡು ಬಿ.ಎಂ. ರಸ್ತೆ ಹಿಡಿದು ವಾಪಸ್ಸು ಹೋಗುತ್ತದೆ. ಇಲ್ಲಿನವರೇ ಗುಣಮಟ್ಟಕ್ಕೆ ತಕ್ಕಂತೆ, ಹೇಳಿದ ದಿನಕ್ಕೆ ಮಾಡಿಕೊಟ್ಟರೆ ಊರಲ್ಲೇ ನಾಲ್ಕು ಕೈ ಬದಲಾಗುತ್ತದೆ. ಜಪಾನ್, ತೈವಾನ್‌ಗಳಲ್ಲಿ ದೊಡ್ಡ ಕಂಪನಿಗಳ ಬೆನ್ನಿಗೆ ಇಂಥ ಸಣ್ಣ ಪೂರೈಕೆದಾರರ ಪಡೆಯೇ ಇತ್ತು, ಅವರೂ ಕಂಪನಿಗಳ ಜೊತೆ ಕಲಿತು ಬೆಳೆದರು. ಆದ್ದರಿಂದ ಫ್ಯಾಕ್ಟರಿ ಬರುವಾಗ ಎಷ್ಟು ಜನಕ್ಕೆ ಕೆಲಸ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ, ಏನೇನು ಇಲ್ಲೇ ಕೊಳ್ಳುತ್ತೀರಿ ಎಂದೂ ಕೇಳಿ.

ನಮ್ಮಲ್ಲಿ ಬೆಳೆ ಇದೆ, ದುಡ್ಡು ಮಾತ್ರ ಬೇರೆಯವರದ್ದು ಎನ್ನುತ್ತಾರೆ. ಇದು ನಿಜವೇ?

ಬಹಳ ಮಟ್ಟಿಗೆ ನಿಜ, ಮತ್ತು ನಮ್ಮ ಜಿಲ್ಲೆಯ ಮಟ್ಟಿಗೆ ಸಣ್ಣ ಉದ್ದಿಮೆಯ ಇಡೀ ವಿಷಯ ಇರುವುದೇ ಇಲ್ಲಿ.

ಕಾಫಿ ತೆಗೆದುಕೊಳ್ಳಿ. ಭಾರತದ ಕಾಫಿಯಲ್ಲಿ ಸುಮಾರು ಶೇ. 70 ಕರ್ನಾಟಕದ್ದು. ಅದು ಬರುವುದು ಕೊಡಗು, ಚಿಕ್ಕಮಗಳೂರು ಮತ್ತು ನಮ್ಮ ಸಕಲೇಶಪುರ, ಬೇಲೂರು, ಆಲೂರು ಕಡೆಯಿಂದ. ಹಿಡುವಳಿಗಳಲ್ಲಿ ಬಹುತೇಕ ಎಲ್ಲವೂ 10 ಹೆಕ್ಟೇರಿಗಿಂತ ಚಿಕ್ಕವು. ಮೊದಲು ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಕಾಫಿಯನ್ನು ಒಟ್ಟುಗೂಡಿಸಿ ಮಂಡಳಿಯೇ ಮಾರುವ ಸಂಗ್ರಹಕ್ಕೆ, ಒಪ್ಪಿಸಬೇಕಿತ್ತು. 1992ರಿಂದ ಹಂತ ಹಂತವಾಗಿ ಆ ಕಟ್ಟು ಸಡಿಲವಾಗಿ, 1996ರ ಹೊತ್ತಿಗೆ ಯಾರಿಗೆ ಬೇಕಾದರೂ ಮಾರುವ ಸ್ವಾತಂತ್ರ್ಯ ಬಂತು. ತೋಟದವರೇ ಹುರಿದು, ಪುಡಿ ಮಾಡಿ, ತಮ್ಮ ಹೆಸರಿನ ಪೊಟ್ಟಣದಲ್ಲಿ ಮಾರುವುದು ಸಾಧ್ಯವಾದದ್ದು ಆಮೇಲೆ. ಇವತ್ತು ಸಕಲೇಶಪುರದ ಹೆದ್ದಾರಿ ಬದಿಯಲ್ಲಿ ಕಾಣುವ ಪುಡಿ ಅಂಗಡಿಗಳ ಹಿಂದೆ ಈ ನೀತಿ ಬದಲಾವಣೆಯ ಕೈವಾಡವಿದೆ. ಆದರೂ ಹೆಚ್ಚಿನ ಕಾಫಿ ಹುರಿಯದ ಬೀಜವಾಗಿಯೇ ಊರು ಬಿಡುತ್ತದೆ. ಹುರಿಯುವ, ಬ್ಲೆಂಡ್ ಮಾಡುವ, ಹೆಸರು ಕಟ್ಟುವ ಹಂತದಲ್ಲಿ ಹುಟ್ಟುವ ಲಾಭ ಬೇರೆ ಊರಿನದು, ಬೇರೆ ದೇಶದ್ದು.

ತೆಂಗಿನದು ಇನ್ನೂ ಸ್ಪಷ್ಟ. ಅರಸೀಕೆರೆ, ಚನ್ನರಾಯಪಟ್ಟಣದ ರೈತರು ಕಾಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿ ಉಂಡೆ ಕೊಬ್ಬರಿ ಮಾಡುತ್ತಾರೆ, ತಿಪಟೂರು, ಅರಸೀಕೆರೆ ಮಂಡಿಯ ದರದ ಮೇಲೆ ಇಡೀ ವರ್ಷ ಕಣ್ಣಿಟ್ಟಿರುತ್ತಾರೆ. ಮನೆಯ ಆದಾಯವೆಲ್ಲ ಆ ಒಂದು ದರಕ್ಕೆ ಜೋತುಬಿದ್ದಿದೆ. ಅದೇ ತೆಂಗಿನ ಸಿಪ್ಪೆಯಿಂದ ನಾರು, ನಾರು ತೆಗೆದ ಮೇಲೆ ಉಳಿಯುವ ಪುಡಿಯಿಂದ ನರ್ಸರಿಗಳಿಗೆ ಬೇಕಾದ ಕೊಕೊಪೀಟ್, ಚಿಪ್ಪಿನಿಂದ ಇದ್ದಿಲು, ತಿರುಳಿನಿಂದ ಎಣ್ಣೆ ಮತ್ತು ತುರಿಪುಡಿ, ಹೂಗೊಂಚಲಿನಿಂದ ನೀರಾ. ಒಂದೊಂದೂ ಒಂದೊಂದು ಸಣ್ಣ ಉದ್ದಿಮೆ. ಕೊಕೊಪೀಟ್ ಹಡಗು ಹತ್ತಿ ಪರದೇಶಕ್ಕೆ ಹೋಗುವ ಸರಕು. ತಮಿಳುನಾಡಿನ ಪೊಳ್ಳಾಚಿ ಕಡೆಯವರು ಇದನ್ನು ಬಹಳ ಹಿಂದೆಯೇ ಹಿಡಿದರು. ನಮ್ಮಲ್ಲೂ ನಾರಿನ ಘಟಕಗಳಿವೆ, ಆದರೆ ಬೀಳುವ ಸಿಪ್ಪೆಯ ರಾಶಿ ನೋಡಿದರೆ ಸಾಲದು ಅನಿಸುತ್ತದೆ.

ಆಲೂಗೆಡ್ಡೆಯ ಕಥೆ ಬೇರೆ ಪಾಠ ಹೇಳುತ್ತದೆ. ಮುಂಗಾರಿನ ಆಲೂಗೆಡ್ಡೆಗೆ ಹಾಸನ ಹೆಸರುವಾಸಿ. ಬಿತ್ತನೆ ಗೆಡ್ಡೆ ಮಾತ್ರ ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಯಲ್ಲಿ ಬರುತ್ತದೆ. ಅಂಗಮಾರಿ ರೋಗ ಬಿದ್ದ ವರ್ಷ ರೈತರು ಮಾತ್ರವಲ್ಲ, ಹಮಾಲರು, ಲಾರಿಯವರು, ಗೊಬ್ಬರದ ಅಂಗಡಿಯವರು, ಮಂಡಿಯವರು ಎಲ್ಲರೂ ಸೊರಗುತ್ತಾರೆ. ಅನೇಕರು ಈಗ ಜೋಳ, ಶುಂಠಿಗೆ ಹೊರಳಿದ್ದಾರೆ. ಬಿತ್ತನೆ ಗೆಡ್ಡೆಯನ್ನು ಇಲ್ಲಿಯೇ ವಿಶ್ವಾಸದಿಂದ ಬೆಳೆದುಕೊಡುವ ಉದ್ದಿಮೆ ಗಟ್ಟಿಯಾಗಿ ನೆಲೆಯೂರಿದ್ದರೆ ಈ ಬೆಳೆಗೆ ಇಷ್ಟು ಏಟು ಬೀಳುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ.

ಇಷ್ಟು ಕೋಟಿ ಸಣ್ಣ ಉದ್ದಿಮೆಗಳಿದ್ದರೂ ದೇಶ ಯಾಕೆ ಶ್ರೀಮಂತವಾಗಿಲ್ಲ?

ಸಂಖ್ಯೆಯಿಂದ ದೇಶ ಬೆಳೆಯುವುದಿಲ್ಲ, ಚಿಕ್ಕದು ದೊಡ್ಡದಾಗುವುದರಿಂದ ಬೆಳೆಯುತ್ತದೆ. ಬೇರೆ ಕೆಲಸ ಸಿಗದೆ ಇಟ್ಟ ಪೆಟ್ಟಿಗೆ ಅಂಗಡಿ ಆ ಮನೆಯನ್ನು ಹಸಿವಿನಿಂದ ಕಾಪಾಡುತ್ತದೆ. ಅದಕ್ಕೆ ಗೌರವ ಸಲ್ಲಲೇಬೇಕು. ಆದರೆ ಇಪ್ಪತ್ತು ವರ್ಷದ ನಂತರವೂ ಅದೇ ಪೆಟ್ಟಿಗೆ, ಅದೇ ಒಬ್ಬರ ದುಡಿಮೆ ಎಂದಾದರೆ ಆರ್ಥಿಕ ಬೆಳವಣಿಗೆ ಅಲ್ಲಿ ನಡೆದಿಲ್ಲ.

ಚಾಂಗ್-ತಾಯ್ ಶೇ ಮತ್ತು ಪೀಟರ್ ಕ್ಲೆನೋ ಎಂಬ ಅರ್ಥಶಾಸ್ತ್ರಜ್ಞರು 2014ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಅಮೆರಿಕದಲ್ಲಿ ನಲವತ್ತು ವರ್ಷ ಹಳೆಯ ಕಾರ್ಖಾನೆಯಲ್ಲಿ ಹೊಸ ಕಾರ್ಖಾನೆಗಿಂತ ಸರಾಸರಿ ಏಳು ಪಟ್ಟಿಗೂ ಹೆಚ್ಚು ಕೆಲಸಗಾರರಿರುತ್ತಾರೆ. ಭಾರತದಲ್ಲಿ ಅಷ್ಟು ವರ್ಷ ಉಳಿದುಕೊಂಡ ಘಟಕಗಳೂ ಹೆಚ್ಚೇನೂ ಬೆಳೆದಿರುವುದಿಲ್ಲ.

ಕಾರಣಗಳಲ್ಲಿ ನಮ್ಮದೇ ಒಂದು ಹಳೆಯ ನೀತಿಯೂ ಇದೆ. 1967ರಿಂದ ಕೆಲವು ವಸ್ತುಗಳನ್ನು ಸಣ್ಣ ಕೈಗಾರಿಕೆಗಳು ಮಾತ್ರ ತಯಾರಿಸಬೇಕು ಎಂದು ಮೀಸಲಿಟ್ಟರು. ಪಟ್ಟಿ ಎಂಟುನೂರು ದಾಟಿತು. ಕಾಪಾಡುವ ಉದ್ದೇಶ ಒಳ್ಳೆಯದೇ, ಆದರೆ ಬೆಳೆದರೆ ಆ ವಸ್ತುವನ್ನೇ ಕೈಬಿಡಬೇಕಾದ ಸ್ಥಿತಿ ಬಂತು. ಹಾಗಾಗಿ ಅನೇಕರು ಬೆಳೆಯಲಿಲ್ಲ, ಅಥವಾ ಒಂದೇ ಘಟಕವನ್ನು ಮನೆಮಂದಿಯ ಹೆಸರಿನಲ್ಲಿ ಮೂರು ಮಾಡಿಕೊಂಡರು. ಆ ಪಟ್ಟಿ ಪೂರ್ತಿ ಅಳಿದದ್ದು 2015ರಲ್ಲಿ. ಹತ್ತು ಜನಕ್ಕೆ ಇಎಸ್‌ಐ, ಇಪ್ಪತ್ತು ಜನಕ್ಕೆ ಪಿಎಫ್ ಎಂಬ ಗೆರೆಗಳ ಹತ್ತಿರ ಬಂದು ನಿಲ್ಲುವವರು ಈಗಲೂ ಇದ್ದಾರೆ. ಕೆಲಸಗಾರರಿಗೆ ಆ ರಕ್ಷಣೆ ಬೇಕೇ ಬೇಕು. ಗೆರೆ ದಾಟುವ ಮಾಲೀಕರಿಗೆ ಕಾಗದದ ಹೊರೆ ಇಳಿಸಿಕೊಡುವುದು ಸರ್ಕಾರದ ಕೆಲಸ.

ಬ್ಯಾಂಕಿನವರು ಜಾಮೀನು ಕೇಳುತ್ತಾರೆ. ಆಸ್ತಿ ಇಲ್ಲದವರಿಗೆ ಸಾಲ ಹೇಗೆ?

ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಕನಿಷ್ಠ 10 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಅಡಮಾನ ಕೇಳಬಾರದು ಎಂದು ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. 2015ರಲ್ಲಿ ಶುರುವಾದ ಮುದ್ರಾ ಸಾಲದಲ್ಲಿ ಶಿಶು 50 ಸಾವಿರದವರೆಗೆ, ಕಿಶೋರ 5 ಲಕ್ಷದವರೆಗೆ, ತರುಣ 10 ಲಕ್ಷದವರೆಗೆ. ತರುಣ ಸಾಲ ತೀರಿಸಿದವರಿಗೆ 20 ಲಕ್ಷದವರೆಗೂ ದಾರಿಯಿದೆ. ಹೊಸ ಘಟಕಕ್ಕಾದರೆ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ ನೋಡಿ. ತಯಾರಿಕೆಗೆ 50 ಲಕ್ಷ, ಸೇವೆಗೆ 20 ಲಕ್ಷದವರೆಗಿನ ಯೋಜನಾ ವೆಚ್ಚಕ್ಕೆ ಹಳ್ಳಿಗಳಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 25, ಮಹಿಳೆಯರು ಮತ್ತು ಪರಿಶಿಷ್ಟರು, ಹಿಂದುಳಿದ ವರ್ಗದವರು ಮುಂತಾದವರಿಗೆ ಶೇ. 35 ಸಹಾಯಧನ. ಹಪ್ಪಳ, ಚಟ್ನಿಪುಡಿ, ಎಣ್ಣೆಗಾಣದಂಥ ಆಹಾರ ಘಟಕಗಳಿಗೆ 2020ರಿಂದ ಪ್ರತ್ಯೇಕ ಯೋಜನೆಯಿದೆ, ಶೇ. 35ರಂತೆ ಗರಿಷ್ಠ 10 ಲಕ್ಷ ಸಹಾಯಧನ.

ಸಾಲ ಸಿಗದಿರುವುದಕ್ಕೆ ಬ್ಯಾಂಕಿನ ಹಿಂಜರಿಕೆ ಒಂದು ಕಾರಣವಾದರೆ ಲೆಕ್ಕ ಇಲ್ಲದಿರುವುದು ಇನ್ನೊಂದು. ಗಲ್ಲಾಪೆಟ್ಟಿಗೆಯ ದುಡ್ಡು ಮನೆಯ ದಿನಸಿಗೂ ಅದೇ, ಸರಕಿಗೂ ಅದೇ ಎಂದಾದರೆ ವ್ಯಾಪಾರ ಲಾಭದಲ್ಲಿದೆಯೇ ಎಂಬುದು ಮಾಲೀಕರಿಗೇ ಗೊತ್ತಾಗುವುದಿಲ್ಲ, ಬ್ಯಾಂಕಿಗೆ ಹೇಗೆ ಗೊತ್ತಾಗಬೇಕು? ವ್ಯಾಪಾರಕ್ಕೆ ಬೇರೆ ಖಾತೆ ಮಾಡಿಸಿ. ದಿನದ ಖರೀದಿ, ಮಾರಾಟ, ಉದ್ರಿ ಬರೆದಿಡಿ. ಒಂದು ವರ್ಷದ ಅಂಥ ಪುಸ್ತಕ ಹಿಡಿದು ಹೋದವರ ಮಾತಿಗೆ ಮ್ಯಾನೇಜರ್ ಎದುರು ತೂಕ ಬರುವುದನ್ನು ಕಂಡಿದ್ದೇನೆ.

ಸಂಘದ ಸಾಲ, ಮೈಕ್ರೋಫೈನಾನ್ಸ್ ಸಾಲ ತೆಗೆದು ವ್ಯಾಪಾರ ಮಾಡಬಹುದೇ?

ಸ್ವಸಹಾಯ ಸಂಘದ ಉಳಿತಾಯ, ಅದರ ಆಧಾರದ ಮೇಲೆ ಬ್ಯಾಂಕು ಕೊಡುವ ಸಾಲ ಒಳ್ಳೆಯದು. ವಾರವಾರ ಕಂತು ಕೇಳುವ ಖಾಸಗಿ ಸಾಲದ ವಿಷಯದಲ್ಲಿ ಎಚ್ಚರ ಇರಲಿ. ಭಾರತವೂ ಸೇರಿ ಆರು ದೇಶಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನಗಳು, ಕಿರುಸಾಲದಿಂದ ಒಂದಿಷ್ಟು ಅನುಕೂಲವಾದರೂ ಬಡತನದಿಂದ ಮೇಲೆತ್ತುವಷ್ಟು ಬದಲಾವಣೆ ಆಗುವುದಿಲ್ಲ ಎಂದು ಕಂಡವು. ಕಾರಣ ಸರಳ. ಹಸು ಹಾಲು ಕೊಡಲು, ಸರಕು ಮಾರಾಟವಾಗಲು ಸಮಯ ಬೇಕು, ಕಂತು ಮುಂದಿನ ವಾರವೇ ಬರುತ್ತದೆ. ಒಂದನ್ನು ತೀರಿಸಲು ಇನ್ನೊಂದು ತೆಗೆದವರು ನಮ್ಮ ಹಳ್ಳಿಗಳಲ್ಲಿ ಊರು ಬಿಟ್ಟದ್ದೂ ಉಂಟು. ವಸೂಲಿಯ ಕಿರುಕುಳ ಮಿತಿಮೀರಿದಾಗ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಮನೆ ಬಾಗಿಲಲ್ಲಿ ನಿಂತು ಬೆದರಿಸಿದರೆ ಪೊಲೀಸರಿಗೆ ದೂರು ಕೊಡಿ, ಹೆದರಬೇಡಿ.

ಮಾಲು ಕೊಟ್ಟು ಆರು ತಿಂಗಳಾದರೂ ದೊಡ್ಡ ಕಂಪನಿಯವರು ದುಡ್ಡು ಕೊಟ್ಟಿಲ್ಲ. ಏನು ಮಾಡಲಿ?

ಸಣ್ಣ ಉದ್ದಿಮೆಗಳನ್ನು ಕೊಲ್ಲುವ ಕಾರಣಗಳಲ್ಲಿ ನಾನು ಇದನ್ನು ಮೊದಲು ಇಡುತ್ತೇನೆ. ಲೇತ್ ಇಟ್ಟುಕೊಂಡವರೊಬ್ಬರು ಐದು ಲಕ್ಷದ ಬಿಡಿಭಾಗ ಮಾಡಿಕೊಟ್ಟರು ಎಂದುಕೊಳ್ಳಿ. ಕಬ್ಬಿಣಕ್ಕೆ ಮೂರು ಲಕ್ಷ ಮೊದಲೇ ಕೈಬಿಟ್ಟಿರುತ್ತದೆ. ಅದಕ್ಕೆ ನೂರಕ್ಕೆ ಎರಡು ರೂಪಾಯಿಯಂತೆ ಕೈಸಾಲ ತಂದಿದ್ದರೆ ತಿಂಗಳಿಗೆ ಆರು ಸಾವಿರ ಬಡ್ಡಿ, ಆರು ತಿಂಗಳಿಗೆ 36 ಸಾವಿರ. ಆ ಕೆಲಸದಲ್ಲಿ ಉಳಿಯಬೇಕಿದ್ದ ಲಾಭ ಬಹುಪಾಲು ಅಲ್ಲೇ ಹೋಯಿತು. ಹುಡುಗರ ಸಂಬಳ, ಕರೆಂಟ್ ಬಿಲ್ ಮಾತ್ರ ಕಾಯುವುದಿಲ್ಲ. ಬಡವರು ಶ್ರೀಮಂತರಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟಂತೆ ಇದು, ದೊಡ್ಡ ಅನ್ಯಾಯ.

ಕಾನೂನು ನಿಮ್ಮ ಕಡೆ ಇದೆ. ಬರಹದ ಒಪ್ಪಂದವಿದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನದಲ್ಲಿ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟಿನಂತೆ ತಿಂಗಳ ಚಕ್ರಬಡ್ಡಿ. ಇದಕ್ಕೆಂದೇ ಇರುವ ಸರ್ಕಾರದ ಜಾಲತಾಣದಲ್ಲಿ ದೂರು ಹಾಕಿದರೆ ರಾಜ್ಯದ ಸೌಲಭ್ಯ ಮಂಡಳಿ ವಿಚಾರಿಸುತ್ತದೆ. ಅದರ ತೀರ್ಪಿನ ವಿರುದ್ಧ ಕೋರ್ಟಿಗೆ ಹೋಗಬೇಕಾದರೆ ಕೊಂಡವರು ಮೊತ್ತದ ಶೇ. 75 ಠೇವಣಿ ಇಡಬೇಕು. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲೂ ಬಿಗಿ ಬಂದಿದೆ: ಸೂಕ್ಷ್ಮ, ಸಣ್ಣ ಉದ್ಯಮಕ್ಕೆ ಗಡುವಿನೊಳಗೆ ಕೊಡದ ಬಾಕಿಯನ್ನು, ನಿಜವಾಗಿ ಕೊಡುವವರೆಗೆ, ಖರ್ಚೆಂದು ತೋರಿಸುವಂತಿಲ್ಲ.

ಇದಕ್ಕೆಲ್ಲ ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ) ಮಾಲು ಕೊಡುವ ಮೊದಲೇ ಆಗಿರಬೇಕು, ಬಿಲ್ಲಿನ ಮೇಲೆ ಆ ಸಂಖ್ಯೆ ಇರಬೇಕು. ಬರೀ ಕೊಂಡು ಮಾರುವ ವರ್ತಕರಿಗೆ ಈ ರಕ್ಷಣೆ ಇಲ್ಲ. ಮುಂದಿನ ಆರ್ಡರ್ ತಪ್ಪೀತು ಎಂಬ ಭಯಕ್ಕೆ ಎಷ್ಟೋ ಜನ ದೂರು ಕೊಡುವುದೇ ಇಲ್ಲ. ಆ ಭಯ ನನಗೆ ಅರ್ಥವಾಗುತ್ತದೆ. ಒಬ್ಬರೇ ಗಿರಾಕಿಯ ಮೇಲೆ ಇಡೀ ಘಟಕ ನಿಲ್ಲದಂತೆ ಮೊದಲಿನಿಂದಲೇ ನೋಡಿಕೊಳ್ಳಿ ಎಂದು ಅದಕ್ಕೇ ಹೇಳುತ್ತೇನೆ.

ನೋಂದಣಿ ಮಾಡಿಸಿದರೆ, ಯುಪಿಐ ಇಟ್ಟರೆ ತೆರಿಗೆಯವರು ಬೆನ್ನುಹತ್ತುತ್ತಾರಾ?

2025ರ ಜುಲೈನಲ್ಲಿ ಯುಪಿಐ ಜಮೆಯ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆ ನೋಟಿಸು ಕೊಟ್ಟ ಮೇಲೆ ಈ ಭಯ ಹೆಚ್ಚಾಯಿತು. ಲೆಕ್ಕ ಹೀಗಿದೆ: ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ತಾಜಾ ತರಕಾರಿ, ಹಣ್ಣು, ಹಾಲಿಗೆ ತೆರಿಗೆಯೇ ಇಲ್ಲ. ಒಂದೂವರೆ ಕೋಟಿಯೊಳಗಿನ ವರ್ತಕರು ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿಯಲ್ಲಿ ವಹಿವಾಟಿನ ಶೇ. 1 ಕಟ್ಟಿದರೆ ಮುಗಿಯಿತು. ಮಗಳ ಮದುವೆಗೆ ನೆಂಟರು ಹಾಕಿದ ದುಡ್ಡೂ ಅಂಗಡಿಯ ಕ್ಯುಆರ್ ಖಾತೆಗೇ ಬಂದರೆ ಗೋಜಲಾಗುತ್ತದೆ. ಅದಕ್ಕೇ ಮೇಲೆ ಬೇರೆ ಖಾತೆ ಎಂದದ್ದು.

ಉದ್ಯಮ್ ನೋಂದಣಿಗೆ ಒಂದು ರೂಪಾಯಿಯೂ ಶುಲ್ಕವಿಲ್ಲ. ಸಾವಿರ, ಎರಡು ಸಾವಿರ ಕೇಳುವವರು ನಿಮಗೆ ಮೋಸ ಮಾಡುತ್ತಿದ್ದಾರೆ.

ಹೆಣ್ಣುಮಕ್ಕಳ ಉದ್ದಿಮೆಗಳಿಗೆ ಯಾಕೆ ಇಷ್ಟು ಒತ್ತು?

2015-16ರ ಸಮೀಕ್ಷೆಯಲ್ಲಿ ಐದು ಉದ್ಯಮಗಳಲ್ಲಿ ಒಂದಕ್ಕೆ ಮಾತ್ರ ಹೆಣ್ಣು ಮಾಲೀಕಳು. ಅವುಗಳಲ್ಲೂ ಬಹುಪಾಲು ಮನೆಯೊಳಗಿನ ಅತಿ ಚಿಕ್ಕವು. ಜಮೀನು, ಮನೆ ಅವರ ಹೆಸರಿನಲ್ಲಿಲ್ಲ, ಹಾಗಾಗಿ ಸಾಲವೂ ಚಿಕ್ಕದು. ಹಾಲಿನ ಡೇರಿಯ ಹಣ ನೇರವಾಗಿ ಹೆಂಗಸರ ಖಾತೆಗೆ ಬೀಳುವ ಮನೆಗಳಲ್ಲಿ ಮಕ್ಕಳ ಓದಿಗೆ ತೊಂದರೆಯಾಗದಂತೆ ನೋಡಿಕೊಳ್ಳುವುದನ್ನು ಊರೂರಲ್ಲಿ ಕಾಣಬಹುದು. ಅವರ ಕೈಗೆ ಬಂದ ದುಡ್ಡು ಮನೆಗೇ ಸೇರುತ್ತದೆ ಎಂಬುದಕ್ಕೆ ನನಗೆ ಬೇರೆ ಪುರಾವೆ ಬೇಕಿಲ್ಲ.

ಬೇಲೂರು, ಹಳೇಬೀಡಿಗೆ ವಿಶ್ವ ಪರಂಪರೆಯ ಪಟ್ಟ ಬಂದದ್ದರಿಂದ ಇಲ್ಲಿನವರಿಗೆ ಲಾಭವಾಯಿತೇ?

2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋ ಪಟ್ಟಿಗೆ ಬೇಲೂರು, ಹಳೇಬೀಡು, ಸೋಮನಾಥಪುರ ಸೇರಿದವು. ಹೆಸರು ಬಂತು. ಆದರೆ ಬೆಳಿಗ್ಗೆ ಬಂದು, ಎರಡು ದೇವಸ್ಥಾನ ನೋಡಿ, ಸಂಜೆಗೆ ಚಿಕ್ಕಮಗಳೂರಿಗೋ ಬೆಂಗಳೂರಿಗೋ ಹೊರಡುವವರು ಇಲ್ಲಿ ಬಿಟ್ಟುಹೋಗುವುದು ಎಳನೀರಿನ, ಊಟದ ದುಡ್ಡು ಮಾತ್ರ. ಒಂದು ರಾತ್ರಿ ಉಳಿದರೆ ಹೋಂಸ್ಟೇ, ಆಟೋ, ಗೈಡು, ಹೋಟೆಲು, ಕಾಫಿಪುಡಿ ಅಂಗಡಿ ಎಲ್ಲರಿಗೂ ಪಾಲು ಸಿಗುತ್ತದೆ. ಶುಚಿಯಾದ ಶೌಚಾಲಯ, ಸಂಜೆಯ ಮೇಲೂ ನೋಡಲು ಏನಾದರೂ, ನಂಬಬಹುದಾದ ಕೋಣೆಗಳು ಇವು ಮೊದಲು ಆಗಬೇಕು.

ಮಗ ಬೆಂಗಳೂರಿನ ಕೆಲಸ ಬಿಟ್ಟು ಇಲ್ಲೇ ಏನಾದರೂ ಶುರು ಮಾಡುತ್ತೇನೆ ಎನ್ನುತ್ತಾನೆ. ಬಿಡಬಹುದೇ?

ಕೆಲಸ ಬಿಡುವ ಮೊದಲು ಅವರು ಗಿರಾಕಿಯನ್ನು ಹುಡುಕಲಿ. ಬೇರೆಯವರ ಘಟಕದಲ್ಲಿ ಹುರಿಸಿ, ಪುಡಿ ಮಾಡಿಸಿ, ಐವತ್ತು ಕೆಜಿ ಕಾಫಿಪುಡಿ ಮಾರಿ ನೋಡಲಿ. ಎರಡನೇ ಸಲವೂ ಅದೇ ಜನ ಕೇಳಿ ಕೊಂಡರೆ ಮಾತ್ರ ಯಂತ್ರದ ಯೋಚನೆ. ತಿನ್ನುವ, ಕುಡಿಯುವ ಪದಾರ್ಥವಾದರೆ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ ಆಹಾರ ಸುರಕ್ಷತಾ ನೋಂದಣಿ ಶುಲ್ಕ ವರ್ಷಕ್ಕೆ 100 ರೂಪಾಯಿ. ತರಬೇತಿಗೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿವೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ಮಾದರಿ ಈಗ ದೇಶದ ಜಿಲ್ಲೆ ಜಿಲ್ಲೆಗೂ ಹೋಗಿದೆ, ಊಟ, ವಸತಿ, ಪಾಠ ಎಲ್ಲ ಉಚಿತ. ಸಹಾಯಧನದ ಅರ್ಜಿಗೆ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಲಿ.

ಮನೆಯವರಾಗಿ ನೀವು ಮಾಡಬೇಕಾದದ್ದೂ ಇದೆ. ಮೊದಲ ಎರಡು ವರ್ಷ ಮನೆಖರ್ಚಿಗೆ ಅವರ ಗಲ್ಲಾಪೆಟ್ಟಿಗೆಗೆ ಕೈ ಹಾಕಬೇಡಿ. ನೆಂಟರಿಷ್ಟರಿಗೆ ಉದ್ರಿ ಕೊಡು ಎಂದು ಒತ್ತಾಯಿಸಬೇಡಿ. ಮೊದಲ ಆಳನ್ನು ಕೆಲಸಕ್ಕೆ ತೆಗೆದುಕೊಳ್ಳುವ ದಿನ ಅವರು ಹಿಂಜರಿದರೆ, ಆ ಸಂಬಳ ದಂಡವಾಗುವುದಿಲ್ಲ ಎಂದು ಧೈರ್ಯ ಹೇಳಿ.